ಬ್ರಿಟನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್: ಆಡಲು ಇಳಿಯುವುದು ಹೇಗೆ, ತಂಡ ಉಳಿಸುವುದು ಹೇಗೆ

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಲಂಡನ್‌ಗೆ ಬಂದು ಆಡಿ ಹೋಗುತ್ತವೆ. ವೆಂಬ್ಲಿ ಇರಲಿ, ಟಾಟನ್‌ಹ್ಯಾಮ್ ಸ್ಟೇಡಿಯಂ ಇರಲಿ, ಜನ ಕಿಕ್ಕಿರಿದು ಸೇರುತ್ತಾರೆ. ಕೆಲವೇ ವಾರಗಳ ನಂತರ ಯಾವುದೋ ಯೂನಿವರ್ಸಿಟಿಯ ಕೆಸರು ಮೈದಾನದಲ್ಲಿ ಇದೇ ಆಟ ನಡೆಯುತ್ತದೆ. ನೋಡಲು ಇರುವವರು ಆಟಗಾರರ ಗೆಳೆಯರು, ಒಂದಿಬ್ಬರ ಅಪ್ಪ ಅಮ್ಮ, ನಾಯಿ ಸುತ್ತಾಡಿಸಲು ಬಂದ ಯಾರೋ ಒಬ್ಬರು. ಈ ಬರಹ ಆ ಎರಡನೇ ಮೈದಾನದ ಬಗ್ಗೆ.

ಓದಲು ಅಥವಾ ಕೆಲಸಕ್ಕೆ ಅಲ್ಲಿಗೆ ಹೋದ ಕನ್ನಡಿಗರು, ಅಲ್ಲೇ ಬೆಳೆಯುತ್ತಿರುವ ಮಕ್ಕಳ ಅಪ್ಪ ಅಮ್ಮಂದಿರು, ಈಗಾಗಲೇ ಒಂದು ತಂಡ ಸೇರಿ ಅದನ್ನು ಉಳಿಸಲು ಒದ್ದಾಡುತ್ತಿರುವವರು, ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್‌ನಲ್ಲಿ ಈ ಆಟಕ್ಕೆ ಹೊಸಬರು ಸಿಗುವುದು ಕಷ್ಟವೇ ಅಲ್ಲ. ಸಿಕ್ಕವರು ಎರಡನೇ ವರ್ಷಕ್ಕೂ ಉಳಿಯುವುದು ಕಷ್ಟ. ಕೆಳಗಿನ ಹೆಜ್ಜೆಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಮೊದಲು ಸ್ವಲ್ಪ ಹಿನ್ನೆಲೆ

1982ರ ನವೆಂಬರ್‌ನಲ್ಲಿ ಚಾನೆಲ್ 4 ಎಂಬ ಹೊಸ ಟಿವಿ ವಾಹಿನಿ ಶುರುವಾಯಿತು. ಶುರುವಿನಿಂದಲೇ ಅದು ಎನ್‌ಎಫ್‌ಎಲ್ ಪಂದ್ಯಗಳನ್ನು ತೋರಿಸಿತು. ನೋಡಿದ ಹುಡುಗರು ಸುಮ್ನೆ ಕೂರಲಿಲ್ಲ. 1983ರಲ್ಲೇ ಲಂಡನ್ ರೇವನ್ಸ್, ಬರ್ಮಿಂಗ್‌ಹ್ಯಾಮ್ ಬುಲ್ಸ್ ತರಹದ ತಂಡಗಳು ಹುಟ್ಟಿದವು. 1986ರ ಆಗಸ್ಟ್ 3ರಂದು ವೆಂಬ್ಲಿಯಲ್ಲಿ ಚಿಕಾಗೊ ಬೇರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್ ಆಡಿದಾಗ 82,699 ಜನ ಬಂದಿದ್ದರು. ಊರೂರಲ್ಲಿ ತಂಡಗಳಾದವು. ಬಡ್‌ವೈಸರ್ ಬಿಯರ್ ಕಂಪನಿಯ ಹೆಸರಲ್ಲೇ ಲೀಗ್ ನಡೆಯಿತು. ಆಮೇಲೆ ಪ್ರಾಯೋಜಕರು ಹೋದರು, ಟಿವಿಯ ಉತ್ಸಾಹ ಇಳಿಯಿತು, ಎಷ್ಟೋ ತಂಡಗಳು ಬಾಗಿಲು ಹಾಕಿದವು.

ಮತ್ತೆ ಇದೇ ಕಥೆ. 1991ರಲ್ಲಿ ಲಂಡನ್ ಮೊನಾರ್ಕ್ಸ್ ಎಂಬ ವೃತ್ತಿಪರ ತಂಡ ವೆಂಬ್ಲಿಯಲ್ಲಿ ಬಾರ್ಸಿಲೋನಾ ಡ್ರಾಗನ್ಸ್ ತಂಡವನ್ನು 21-0ರಿಂದ ಸೋಲಿಸಿ ಮೊದಲ ವರ್ಲ್ಡ್ ಬೌಲ್, ಅಂದರೆ ಎನ್‌ಎಫ್‌ಎಲ್ ಬೆನ್ನಿಗಿದ್ದ ಲೀಗಿನ ಕಪ್, ಗೆದ್ದಿತು. ನೋಡಿದವರು 61 ಸಾವಿರಕ್ಕೂ ಹೆಚ್ಚು. 1996ರಲ್ಲಿ ಸ್ಕಾಟಿಷ್ ಕ್ಲೇಮೋರ್ಸ್ ಎಡಿನ್‌ಬರೋದ ಮರೇಫೀಲ್ಡ್‌ನಲ್ಲಿ ಅದೇ ಕಪ್ ಎತ್ತಿತು. ಹತ್ತೇ ವರ್ಷದಲ್ಲಿ ಈ ಎರಡೂ ತಂಡಗಳು ಇರಲಿಲ್ಲ. 2007ರಲ್ಲಿ ಇಡೀ ಯುರೋಪಿನ ಆ ಲೀಗನ್ನೇ ಎನ್‌ಎಫ್‌ಎಲ್ ಮುಚ್ಚಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವೆಂಬ್ಲಿಯಲ್ಲಿ ತನ್ನ ನಿಜವಾದ ಲೀಗ್ ಪಂದ್ಯಗಳನ್ನು ಆಡಿಸಲು ಶುರು ಮಾಡಿತು.

ಈ ಏರಿಳಿತದ ಉದ್ದಕ್ಕೂ ಕೈಯಿಂದ ದುಡ್ಡು ಹಾಕಿ ಆಡುವ ಹವ್ಯಾಸಿ ಕ್ಲಬ್‌ಗಳು ಮಾತ್ರ ನಡೆಯುತ್ತಲೇ ಬಂದವು. ಇವತ್ತು ನೀವು ಸೇರಬಹುದಾದದ್ದು ಅಂಥದ್ದೇ ಒಂದು ಕ್ಲಬ್.

ಹೆಜ್ಜೆ 1: ಯಾವ ದಾರಿ ನಿಮ್ಮದು?

ಮೂರು ದಾರಿಗಳಿವೆ.

ಯೂನಿವರ್ಸಿಟಿಯಲ್ಲಿದ್ದರೆ ಯೋಚಿಸಲೇಬೇಡಿ, ಅಲ್ಲೇ ಸೇರಿ. ಬರ್ಮಿಂಗ್‌ಹ್ಯಾಮ್ ಲಯನ್ಸ್, ಹರ್ಟ್‌ಫರ್ಡ್‌ಷೈರ್ ಹರಿಕೇನ್ಸ್, ಸ್ಟರ್ಲಿಂಗ್ ಕ್ಲಾನ್ಸ್‌ಮೆನ್, ಬಾತ್ ಕಿಲ್ಲರ್ ಬೀಸ್, ಸ್ವಾನ್ಸೀ ಟೈಟನ್ಸ್, ಹೀಗೆ ದೇಶದ ಉದ್ದಗಲಕ್ಕೂ ತಂಡಗಳಿವೆ. 2012ರಿಂದ ಇವೆಲ್ಲ ವಿಶ್ವವಿದ್ಯಾಲಯ ಕ್ರೀಡೆಗಳನ್ನು ನಡೆಸುವ ಬಕ್ಸ್ ಸಂಸ್ಥೆಯ ಅಡಿಯಲ್ಲಿ ಆಡುತ್ತವೆ. ಹೆಲ್ಮೆಟ್, ಪ್ಯಾಡ್‌ಗಳನ್ನು ಸಾಲ ಕೊಡುವ ತಂಡಗಳು ಇಲ್ಲೇ ಜಾಸ್ತಿ. ಬರುವವರಲ್ಲಿ ಹೆಚ್ಚಿನವರು ಚೆಂಡನ್ನೇ ಮುಟ್ಟದವರು, ಹಾಗಾಗಿ ಕಲಿಸುವ ಅಭ್ಯಾಸ ಕೋಚ್‌ಗಳಿಗೆ ಇರುತ್ತದೆ. ಒಂದು ವರ್ಷದ ಮಾಸ್ಟರ್ಸ್ ಮಾಡುವವರಿಗೂ ಜಾಗ ಇದೆ.

ಓದು ಮುಗಿದಿದ್ದರೆ ಊರಿನ ಕ್ಲಬ್. ಇವನ್ನು ನಡೆಸುವುದು ಬ್ರಿಟಿಷ್ ಅಮೆರಿಕನ್ ಫುಟ್‌ಬಾಲ್ ಅಸೋಸಿಯೇಷನ್, ಎಲ್ಲರೂ ಕರೆಯುವುದು ಬಾಫಾ ಅಂತ. ಮೇಲೆ ಪ್ರೀಮಿಯರ್, ಕೆಳಗೆ ಒಂದನೇ ಮತ್ತು ಎರಡನೇ ಡಿವಿಷನ್. ಲಂಡನ್ ವಾರಿಯರ್ಸ್, ಮ್ಯಾಂಚೆಸ್ಟರ್ ಟೈಟನ್ಸ್, ಟ್ಯಾಮ್‌ವರ್ತ್ ಫೀನಿಕ್ಸ್, ಎಡಿನ್‌ಬರೋ ವುಲ್ವ್ಸ್ ತರಹದ ಹೆಸರುಗಳನ್ನು ಕೇಳುತ್ತೀರಿ. ಹತ್ತಿರದ ಕ್ಲಬ್ ಯಾವ ಡಿವಿಷನ್‌ನಲ್ಲಿದೆ ಎನ್ನುವುದಕ್ಕಿಂತ ಅಲ್ಲಿಗೆ ಬಸ್ಸು ಹೋಗುತ್ತದೆಯಾ ಎನ್ನುವುದನ್ನು ಮೊದಲು ನೋಡಿ. ಚಳಿಗಾಲದ ಕತ್ತಲಲ್ಲಿ ಎರಡು ಬಸ್ ಬದಲಿಸಿ ಪ್ರಾಕ್ಟೀಸ್‌ಗೆ ಹೋಗುವ ಹುರುಪು ಬೇಗ ಕರಗುತ್ತದೆ.

ಮೂರನೆಯದು ಫ್ಲ್ಯಾಗ್ ಫುಟ್‌ಬಾಲ್. ಡಿಕ್ಕಿ ಇಲ್ಲ, ಕೆಡವುವುದಿಲ್ಲ. ಸೊಂಟದ ಬೆಲ್ಟ್‌ಗೆ ಸಿಕ್ಕಿಸಿದ ಪಟ್ಟಿ ಎಳೆದರೆ ಆಟಗಾರ ನಿಂತಂತೆ. ಒಂದು ಕಡೆಗೆ ಐದು ಜನ. ತಲಾ 20 ನಿಮಿಷದ ಎರಡು ಅವಧಿ. ನಾಲ್ಕು ಪ್ರಯತ್ನದಲ್ಲಿ ಮೈದಾನದ ಅರ್ಧ ದಾಟಬೇಕು, ದಾಟಿದರೆ ಅಂಕ ಗಳಿಸಲು ಮತ್ತೆ ನಾಲ್ಕು ಪ್ರಯತ್ನ. ಕಬಡ್ಡಿ ಆಡಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ. ಎದುರಾಳಿಯ ಸೊಂಟದ ಮೇಲೆ ಕಣ್ಣು, ಕಾಲಿನ ಚುರುಕು, ಕೈ ಬೀಸುವ ಸಮಯ, ಎಲ್ಲ ಅದೇ. ಲಾಸ್ ಏಂಜಲಿಸ್‌ನ 2028ರ ಒಲಿಂಪಿಕ್ಸ್‌ಗೆ ಈ ಆಟವನ್ನು ಸೇರಿಸಿದ್ದು 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆ. ಕ್ರಿಕೆಟ್‌ಗೆ ಒಪ್ಪಿಗೆ ಸಿಕ್ಕಿತಲ್ಲ, ಅದೇ ಸಭೆ. ಅದೇ ವರ್ಷ ಗ್ರೇಟ್ ಬ್ರಿಟನ್‌ನ ಮಹಿಳಾ ಫ್ಲ್ಯಾಗ್ ತಂಡ ಯುರೋಪಿಯನ್ ಚಾಂಪಿಯನ್ ಆಗಿತ್ತು. ಅನುಮಾನ ಇದ್ದವರು ಫ್ಲ್ಯಾಗ್‌ನಿಂದ ಶುರು ಮಾಡಿ. ಮಕ್ಕಳಿಗಂತೂ ಇದೇ ಸರಿ.

ಹೆಜ್ಜೆ 2: ಬಾಗಿಲು ತೆರೆಯುವ ಸಮಯಕ್ಕೆ ಹೋಗಿ

ಕ್ಯಾಲೆಂಡರ್ ಗೊತ್ತಿಲ್ಲದೆ ಹೋದರೆ ನಿರಾಸೆ ಖಂಡಿತ. ಯೂನಿವರ್ಸಿಟಿ ಲೀಗ್ ನಡೆಯುವುದು ಚಳಿಗಾಲದಲ್ಲಿ, ನವೆಂಬರ್ ಸುಮಾರಿಗೆ ಶುರುವಾಗಿ ವಸಂತದ ಹೊತ್ತಿಗೆ ಮುಗಿಯುತ್ತದೆ. ಸೇರುವ ಸಮಯ ಸೆಪ್ಟೆಂಬರ್ ಕೊನೆಯಲ್ಲಿ ಹೊಸ ವಿದ್ಯಾರ್ಥಿಗಳಿಗಾಗಿ ನಡೆಯುವ ಫ್ರೆಷರ್ಸ್ ಮೇಳ. ವೀಸಾ ತಡವಾಗಿ ಅಕ್ಟೋಬರ್ ಮಧ್ಯದಲ್ಲಿ ಇಳಿದರೂ ಕ್ಯಾಪ್ಟನ್‌ಗೆ ಸಂದೇಶ ಕಳಿಸಿ. ಲೈನ್‌ನಲ್ಲಿ, ಅಂದರೆ ಮುಂದಿನ ಸಾಲಿನಲ್ಲಿ, ನಿಲ್ಲಲು ಜನ ಸಾಲದ ತಂಡ ನಿಮ್ಮನ್ನು ವಾಪಸ್ ಕಳಿಸುವುದಿಲ್ಲ.

ದೊಡ್ಡವರ ಕ್ಲಬ್ ಲೀಗ್ ಇದಕ್ಕೆ ಉಲ್ಟಾ. ಏಪ್ರಿಲ್ ಹೊತ್ತಿಗೆ ಶುರು, ಬೇಸಿಗೆ ಪೂರ್ತಿ ಆಟ. ಹೊಸಬರನ್ನು ತೆಗೆದುಕೊಳ್ಳುವುದು ಅದಕ್ಕಿಂತ ಮೊದಲಿನ ಚಳಿಗಾಲದಲ್ಲಿ. ಈ ಹೊಸಬರಿಗೆ ಅಲ್ಲಿ ರೂಕಿ ಅನ್ನುತ್ತಾರೆ, ಅವರಿಗಾಗಿ ನಡೆಯುವ ದಿನಕ್ಕೆ ರೂಕಿ ಡೇ. ಮೇ ತಿಂಗಳಲ್ಲಿ ಹೋಗಿ "ನಾನೂ ಆಡ್ತೀನಿ" ಅಂದರೆ ನಗುತ್ತಾ ಬರಮಾಡಿಕೊಳ್ಳುತ್ತಾರೆ, ಆದರೆ ಪಂದ್ಯಕ್ಕೆ ಇಳಿಸುವುದು ಅನುಮಾನ.

ಎರಡು ಲೀಗ್‌ಗಳೂ ಬೇರೆ ಬೇರೆ ಕಾಲದಲ್ಲಿ ಇರುವುದರಿಂದ ಕೆಲವರು ಚಳಿಗಾಲದಲ್ಲಿ ಯೂನಿವರ್ಸಿಟಿಗೆ, ಬೇಸಿಗೆಯಲ್ಲಿ ಕ್ಲಬ್‌ಗೆ ಆಡುತ್ತಾರೆ. ಮೊದಲ ವರ್ಷ ಇದು ಬೇಡ. ಮೈಗೆ ಬಿಡುವು ಬೇಕು. ಡಿಸರ್ಟೇಷನ್ ಅಂತ ಒಂದು ಇರುತ್ತದೆ, ಅದಕ್ಕೂ.

ಹೆಜ್ಜೆ 3: ವೀಸಾ ಕಾಗದ ಒಮ್ಮೆ ಓದಿ

ಇದನ್ನು ತಂಡದವರು ಯಾರೂ ಹೇಳುವುದಿಲ್ಲ, ಅವರಿಗೆ ಗೊತ್ತಿರುವುದೂ ಇಲ್ಲ. ಬ್ರಿಟನ್‌ನ ಸ್ಟೂಡೆಂಟ್ ವೀಸಾದಲ್ಲಿ ವೃತ್ತಿಪರ ಕ್ರೀಡಾಪಟು ಅಥವಾ ಕೋಚ್ ಆಗಿ ಕೆಲಸ ಮಾಡುವಂತಿಲ್ಲ. ನಿಮ್ಮ ಖುಷಿಗಾಗಿ ಹವ್ಯಾಸಿಯಾಗಿ ಆಡಲು ಅಡ್ಡಿ ಇಲ್ಲ, ಅದನ್ನು ಸಾವಿರಾರು ವಿದ್ಯಾರ್ಥಿಗಳು ಮಾಡುತ್ತಾರೆ. ಆದರೆ ವೃತ್ತಿಪರ ಎನ್ನುವುದರ ಸರ್ಕಾರಿ ವ್ಯಾಖ್ಯೆ ದುಡ್ಡಿಗೆ ಮಾತ್ರ ಸೀಮಿತವಲ್ಲ, ಸಂಬಳ ಇಲ್ಲದಿದ್ದರೂ ತೊಡಕಾಗುವ ಸಂದರ್ಭಗಳಿವೆ. ಯಾರಾದರೂ "ಮಕ್ಕಳಿಗೆ ಕೋಚಿಂಗ್ ಮಾಡು, ಖರ್ಚು ಕೊಡುತ್ತೇವೆ" ಅಂದರೆ, ಹೂಂ ಅನ್ನುವ ಮೊದಲು ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ಇಮೇಲ್ ಮಾಡಿ. ಉತ್ತರ ಬರಹದಲ್ಲೇ ಇರಲಿ.

ಹೆಜ್ಜೆ 4: ಮೊದಲ ದಿನ ಏನು ಬೇಕು, ಏನು ಬೇಡ

ಮೌಲ್ಡೆಡ್ ಸ್ಟಡ್ (ಅಡಿಯ ಜೊತೆಗೇ ಅಚ್ಚು ಹಾಕಿದ ಮೊಳೆ) ಇರುವ ಸಾಮಾನ್ಯ ಫುಟ್‌ಬಾಲ್ ಬೂಟು, ತುಂಬುತೋಳಿನ ಬನಿಯನ್, ನೀರು, ಹಲ್ಲಿಗೆ ಮೌತ್‌ಗಾರ್ಡ್. ಅಷ್ಟೇ. ಕನ್ನಡಕ ಹಾಕುವವರು ಕಾಂಟ್ಯಾಕ್ಟ್ ಲೆನ್ಸ್ ರೂಢಿ ಮಾಡಿಕೊಳ್ಳಿ, ಹೆಲ್ಮೆಟ್ ಹಾಕುವಾಗ ತೆಗೆಯುವಾಗ ಕನ್ನಡಕ ದೊಡ್ಡ ರಗಳೆ.

ಹೆಲ್ಮೆಟ್, ಭುಜದ ಪ್ಯಾಡ್ ಖರೀದಿಗೆ ಅವಸರ ಬೇಡ. ಹೊಸ ಒಳ್ಳೆಯ ಹೆಲ್ಮೆಟ್‌ಗೆ ನೂರಾರು ಪೌಂಡ್ ಆಗುತ್ತದೆ. ಮೊದಲ ತಿಂಗಳು ತಂಡದ ಸಾಮಾನು ಕೇಳಿ. ನಿಮಗೆ ಯಾವ ಜಾಗ ಅಂತ ಗೊತ್ತಾದ ಮೇಲೆ ಕೊಳ್ಳಿ, ಯಾಕೆಂದರೆ ಲೈನ್‌ನಲ್ಲಿ ನಿಲ್ಲುವವರ ಭುಜದ ಪ್ಯಾಡ್ ಬೇರೆ, ಓಡಿ ಚೆಂಡು ಹಿಡಿಯುವವರದ್ದು ಬೇರೆ.

ಸೆಕೆಂಡ್ ಹ್ಯಾಂಡ್ ಭುಜದ ಪ್ಯಾಡ್ ಪರವಾಗಿಲ್ಲ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ಕಂಜೂಸುತನ ಬೇಡ. ಒಳಗೆ ತಯಾರಾದ ವರ್ಷ ಮತ್ತು ಅಮೆರಿಕದ ನಾಕ್ಸೀ ಸುರಕ್ಷತಾ ಮಾನದಂಡದ ಗುರುತು ಇರಬೇಕು. 10 ವರ್ಷ ದಾಟಿದ ಹೆಲ್ಮೆಟ್‌ಗಳನ್ನು ಅಮೆರಿಕದ ದುರಸ್ತಿಗಾರರ ಸಂಘದವರೇ ಮತ್ತೆ ಸರಿಮಾಡಿ ಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಹೆಲ್ಮೆಟ್‌ಗಳು ಷೋಕೇಸ್‌ನಲ್ಲಿ ಇಡುವುದಕ್ಕೆ ಮಾತ್ರ ಲಾಯಕ್ಕು. ಹೊಳಪು ನೋಡಿ ಮೋಸ ಹೋಗಬೇಡಿ.

ಹೆಜ್ಜೆ 5: ಟಿವಿಯಲ್ಲಿ ಕಲಿತ ನಿಯಮ ಸ್ವಲ್ಪ ಮರೆಯಿರಿ

ಮೂಲ ನಿಯಮ ಸರಳ. ಎರಡೂ ಕಡೆ 11 ಜನ. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು. ಈ ಪ್ರಯತ್ನಕ್ಕೆ ಡೌನ್ ಅನ್ನುತ್ತಾರೆ. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಆಮೇಲೆ ಗೋಲ್ ಕಂಬಗಳ ನಡುವೆ ಒದ್ದು ಹಾಕಿದರೆ 1, ಮತ್ತೊಮ್ಮೆ ಆಡಿ ಗೆರೆ ದಾಟಿಸಿದರೆ 2. ಟಚ್‌ಡೌನ್ ಬದಲು ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ 3, ಚೆಂಡು ಹಿಡಿದ ಎದುರಾಳಿಯನ್ನು ಅವನದೇ ಎಂಡ್‌ಝೋನ್‌ನಲ್ಲಿ (ಕೊನೆಯ ಗೆರೆಯ ಆಚೆಗಿನ ಜಾಗ) ಕೆಡವಿದರೆ 2.

ಗೊಂದಲ ಶುರುವಾಗುವುದು ಇಲ್ಲಿ: ಬ್ರಿಟನ್‌ನ ಲೀಗ್‌ಗಳು ಎನ್‌ಎಫ್‌ಎಲ್ ನಿಯಮದಲ್ಲಿ ಆಡುವುದಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲ್‌ನ ನಿಯಮಗಳನ್ನು ಆಧಾರವಾಗಿ ಇಟ್ಟುಕೊಂಡಿವೆ. ಗೆರೆಯ ಅಂಚಿನಲ್ಲಿ ಚೆಂಡು ಹಿಡಿದಾಗ ಒಂದು ಕಾಲು ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಚೆಂಡು ಹಿಡಿದವನು ಯಾರೂ ಮುಟ್ಟದೆ ಜಾರಿ ಮೊಣಕಾಲೂರಿದರೂ ಆ ಡೌನ್ ಮುಗಿಯಿತು. ಎನ್‌ಎಫ್‌ಎಲ್‌ನಲ್ಲಾದರೆ ಎದ್ದು ಮತ್ತೆ ಓಡಬಹುದು. ಒದ್ದೆ ಹುಲ್ಲಿನ ಮೈದಾನದಲ್ಲಿ ಈ ನಿಯಮ ಎಷ್ಟು ಸಲ ಕೆಲಸಕ್ಕೆ ಬರುತ್ತದೆ ಅಂತ ಆಡಿದವರಿಗೇ ಗೊತ್ತು. ಪಂದ್ಯ ಟೈ ಆಗಿ ಹೆಚ್ಚುವರಿ ಆಟಕ್ಕೆ ಹೋದರೆ ಎರಡೂ ತಂಡಗಳಿಗೆ ಎದುರಾಳಿಯ 25 ಗಜದ ಗೆರೆಯಿಂದ ಒಂದೊಂದು ಅವಕಾಶ. ಇಷ್ಟು ತಿಳಿದುಕೊಂಡು ಹೋದರೆ ಮೊದಲ ಪಂದ್ಯದಲ್ಲಿ ರೆಫರಿಯ ಜೊತೆ ವಾದಕ್ಕೆ ಇಳಿಯುವ ಪ್ರಮೇಯ ಬರುವುದಿಲ್ಲ.

ರಗ್ಬಿಯಿಂದ ಬಂದವರಿಗೆ ಬೇರೆ ಕಷ್ಟ. ಚೆಂಡು ಇಲ್ಲದವನನ್ನು ತಡೆಯುವುದು ರಗ್ಬಿಯಲ್ಲಿ ತಪ್ಪು, ಇಲ್ಲಿ ಅದೇ ಕೆಲಸ. ಕ್ರಿಕೆಟ್‌ನಿಂದ ಬಂದವರಿಗೆ ಬಿಟ್ಟುಬಿಡಬೇಕಾದ ಹಳೇ ಚಟ ಕಡಿಮೆ. ಎತ್ತರದ ಕ್ಯಾಚ್ ನೋಡುತ್ತಾ ಓಡುವ ಅಭ್ಯಾಸವಂತೂ ಎಸೆದ ಚೆಂಡು ಹಿಡಿಯುವ ರಿಸೀವರ್‌ಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಹೆಜ್ಜೆ 6: ನಿಮ್ಮ ಮೈಗೆ ತಕ್ಕ ಜಾಗ

"ನಾನು ಸಣ್ಣಕ್ಕಿದ್ದೀನಿ, ಇದೆಲ್ಲ ನಮಗೆ ಆಗಲ್ಲ" ಅನ್ನುವವರು ಒಮ್ಮೆ ತಂಡದ ಫೋಟೊ ನೋಡಬೇಕು. ಎದುರಾಳಿಯ ಎಸೆತ ತಡೆಯುವ ಕಾರ್ನರ್‌ಬ್ಯಾಕ್ ಮತ್ತು ಸೇಫ್ಟಿ, ಹಾಗೆಯೇ ರಿಸೀವರ್ ಜಾಗಗಳಿಗೆ ಬೇಕಾದದ್ದು ಕಾಲಿನ ವೇಗ ಮತ್ತು ತಾಳ್ಮೆ. ಇನ್ನು ಶಾಲೆಯಲ್ಲಿ ಯಾವ ಆಟಕ್ಕೂ ಯಾರೂ ಕರೆಯದಿದ್ದ ದಪ್ಪ ಹುಡುಗ ಇರುತ್ತಾನಲ್ಲ, ಅವನು ಇಲ್ಲಿ ಆಫೆನ್ಸಿವ್ ಲೈನ್‌ನ, ಅಂದರೆ ನಮ್ಮ ದಾಳಿಯಲ್ಲಿ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಸಾಲಿನ, ಆಧಾರ. ಅವನಿಲ್ಲದೆ ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎರಡು ಸೆಕೆಂಡ್ ನಿಲ್ಲಲಾರ. ನನಗೆ ಈ ಆಟ ಇಷ್ಟವಾಗುವುದೇ ಇದಕ್ಕೆ.

ಹೊಸಬರೆಲ್ಲ ಕ್ವಾರ್ಟರ್‌ಬ್ಯಾಕ್ ಆಗಬೇಕು ಅಂತ ಬರುತ್ತಾರೆ. ಆ ಜಾಗ ಒಂದೇ. ಅದಕ್ಕೆ ಇಡೀ ತಂಡದ ಪ್ಲೇಬುಕ್ (ಆಟದ ಯೋಜನೆಗಳ ಪುಸ್ತಕ) ಬಾಯಿಪಾಠ ಇರಬೇಕು. ಬೇಗ ಮೈದಾನಕ್ಕೆ ಇಳಿಯಬೇಕಾ? ಡಿಫೆನ್ಸ್ ಕೇಳಿ, ಅಥವಾ ಚೆಂಡು ಒದೆಯುವ ಕಿಕ್‌ಆಫ್ ಮತ್ತು ಪಂಟ್‌ಗಳಿಗೆ ಇಳಿಯುವ ಸ್ಪೆಷಲ್ ಟೀಮ್ಸ್ ಕೇಳಿ. ಸಣ್ಣ ತಂಡಗಳಲ್ಲಿ ಜನ ಕಡಿಮೆ ಇರುವುದರಿಂದ ಆಫೆನ್ಸ್, ಡಿಫೆನ್ಸ್ ಎರಡರಲ್ಲೂ ಆಡಬೇಕಾಗಿ ಬರಬಹುದು. ಸುಸ್ತಾಗುತ್ತದೆ ನಿಜ, ಆದರೆ ಕಲಿಯುವುದು ಎರಡು ಪಟ್ಟು.

ಹೆಜ್ಜೆ 7: ತಲೆಗೆ ಪೆಟ್ಟಾದರೆ

ಇಲ್ಲಿ ತಮಾಷೆ ಇಲ್ಲ. 2023ರ ಏಪ್ರಿಲ್‌ನಲ್ಲಿ ಬ್ರಿಟನ್ ಸರ್ಕಾರ ಹವ್ಯಾಸಿ ಕ್ರೀಡೆಗಳೆಲ್ಲಕ್ಕೂ ಸೇರಿ ಕನ್‌ಕಷನ್ (ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಮಾರ್ಗಸೂಚಿ ಹೊರಡಿಸಿತು. ಅದರ ತಿರುಳು ಇಷ್ಟು: ಅನುಮಾನ ಬಂದರೂ ಸಾಕು, ಆಟಗಾರನನ್ನು ಹೊರಗೆ ಕೂರಿಸಿ, ಆ ದಿನ ಮತ್ತೆ ಇಳಿಸಬೇಡಿ. 24 ಗಂಟೆಯೊಳಗೆ ವೈದ್ಯರ ಸಲಹೆ ಪಡೆಯಬೇಕು, ಬೇಕಿದ್ದರೆ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪುವುದು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಕುತ್ತಿಗೆ ನೋವು ಇದ್ದರೆ ನೇರ ಆಸ್ಪತ್ರೆ. ಆಮೇಲೆ ಹಂತ ಹಂತವಾಗಿ ವಾಪಸ್ ಬರಬೇಕು. ಎಲ್ಲ ಸರಿಹೋದರೂ ಕನಿಷ್ಠ 21 ದಿನ ಪಂದ್ಯ ಇಲ್ಲ.

ಕೆಲವು ಆಟಗಾರರು ಪೆಟ್ಟನ್ನು ಮುಚ್ಚಿಡುತ್ತಾರೆ. ಮುಂದಿನ ವಾರ ಫೈನಲ್ ಇದೆ ಅಂತ ಕೋಚ್ ಕೂಡ ಕಣ್ಣು ಮುಚ್ಚಿದರೆ, ಆ ತಂಡ ಬಿಟ್ಟು ಬನ್ನಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಕೈ ಮುರಿದರೆ ಸರ್ಕಾರಿ ಎನ್‌ಎಚ್‌ಎಸ್ ಆಸ್ಪತ್ರೆ ನೋಡಿಕೊಳ್ಳುತ್ತದೆ. ವೀಸಾ ಜೊತೆ ಕಟ್ಟಿದ ಆರೋಗ್ಯ ಶುಲ್ಕ ಅದಕ್ಕೇ. ಆದರೆ ವಾರಾಂತ್ಯದ ಪಾರ್ಟ್ ಟೈಮ್ ಕೆಲಸದ ಸಂಬಳ ನಿಂತರೆ ಆಸ್ಪತ್ರೆ ಅದನ್ನು ತುಂಬಿಕೊಡುವುದಿಲ್ಲ. ನೋಂದಣಿ ಮಾಡಿಸುವಾಗ ವಿಮೆ ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ ಅಂತ ಕೂತು ಓದಿ.

ಹೆಜ್ಜೆ 8: ಆಡುವುದರ ಜೊತೆ ಒಂದು ಕೆಲಸ ಹಿಡಿಯಿರಿ

ಇಲ್ಲಿಂದ ಮುಂದೆ ಆಟ ಬೆಳೆಸುವ ಮಾತು. ಬ್ರಿಟನ್‌ನ ಹವ್ಯಾಸಿ ಲೀಗ್‌ನಲ್ಲಿ ಆಟಗಾರನಿಗೆ ಸಂಬಳ ಇಲ್ಲ, ಅವನೇ ಚಂದಾ ಕಟ್ಟುತ್ತಾನೆ. ಅದಕ್ಕೆ ಸಬ್ಸ್ ಅನ್ನುತ್ತಾರೆ. ತಂಡದ ಸ್ವಂತ ಮೈದಾನದಲ್ಲಿ ಪಂದ್ಯ ಅಂದರೆ ಯಾರೋ ಮೈದಾನಕ್ಕೆ ಗೆರೆ ಹಾಕಬೇಕು, ಯಾರೋ ಅಳತೆಯ ಸರಪಳಿ ಹಿಡಿದು ಗೆರೆಯ ಪಕ್ಕ ನಿಲ್ಲಬೇಕು, ಯಾರೋ ನೀರು ಕೊಡಬೇಕು, ಯಾರೋ ವಿಡಿಯೊ ತೆಗೆಯಬೇಕು. ಹಳೇ ತಂಡಗಳಲ್ಲಿ ಇದನ್ನೆಲ್ಲ ಮೂರು ಜನವೇ ಮಾಡಿ ಮಾಡಿ ಬೇಸತ್ತಿರುತ್ತಾರೆ. ಆ ಮೂವರಲ್ಲಿ ಒಬ್ಬರು ಬಿಟ್ಟರೆ ತಂಡ ಅಲ್ಲಾಡುತ್ತದೆ.

ಗಾಯವಾಗಿ ಕೂತಿದ್ದರೂ ಮಾಡಬಹುದಾದ ಕೆಲಸ ಇವು. ಎಕ್ಸೆಲ್ ಚೆನ್ನಾಗಿ ಬರುತ್ತದಾ? ಎದುರಾಳಿ ಯಾವ ಡೌನ್‌ನಲ್ಲಿ ಏನು ಆಡುತ್ತಾರೆ ಅಂತ ವಿಡಿಯೊ ನೋಡಿ ಪಟ್ಟಿ ಮಾಡಿ ಕೊಡಿ, ಕೋಚ್ ನಿಮ್ಮನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೆ ಹೇಳಿ ಮಾಡಿಸಿದ ಕೆಲಸ, ಅಲ್ವಾ?

ಎಲ್ಲಕ್ಕಿಂತ ಕೊರತೆ ಇರುವುದು ರೆಫರಿಗಳದ್ದು. ಬಾಫ್ರಾ ಎಂಬ ರೆಫರಿಗಳ ಸಂಘ ತರಬೇತಿ ಕೊಡುತ್ತದೆ. ಹಿಂದೆ ಆಡಿರಬೇಕು ಅಂತ ಇಲ್ಲ. ಮೊಣಕಾಲು ಕೈಕೊಟ್ಟ ಮೇಲೂ ಆಟದಲ್ಲಿ ಉಳಿಯಬೇಕು ಅನ್ನುವವರಿಗೆ ಇದು ಒಳ್ಳೆಯ ಜಾಗ. ರೆಫರಿ ಇಲ್ಲದೆ ಪಂದ್ಯವೇ ಇಲ್ಲ. ಲೀಗ್ ಎಷ್ಟು ದೊಡ್ಡದಾಗಬಹುದು ಎನ್ನುವುದನ್ನು ತೀರ್ಮಾನಿಸುವುದೂ ಇದೇ.

ಹೆಜ್ಜೆ 9: ಹೊಸ ತಂಡ ಕಟ್ಟುವುದಾದರೆ

ಮೊದಲ ಸಲಹೆ: ಕಟ್ಟಬೇಡಿ. ಮುಕ್ಕಾಲು ಗಂಟೆ ದೂರದಲ್ಲಿ ಇನ್ನೊಂದು ಕ್ಲಬ್ ಇದ್ದರೆ ಅಲ್ಲಿಗೆ ಹೋಗಿ. ಒಂದು ಊರಿಗೆ ಎರಡು ಅರೆಬರೆ ತಂಡ ಆಗಿ ಎರಡೂ ಮುಳುಗಿದ ಕಥೆ ಈ ಆಟದ ಇತಿಹಾಸದ ತುಂಬ ಇದೆ. ನಿಜಕ್ಕೂ ಸುತ್ತಮುತ್ತ ಏನೂ ಇಲ್ಲ ಅಂದರೆ ಮಾತ್ರ ಮುಂದೆ ಓದಿ.

ಫ್ಲ್ಯಾಗ್‌ನಿಂದ ಶುರು ಮಾಡಿ. ಹೆಲ್ಮೆಟ್ ಬೇಡ, ಪ್ಯಾಡ್ ಬೇಡ, ಹತ್ತು ಹನ್ನೆರಡು ಜನ ಸಿಕ್ಕರೆ ತಂಡ ಆಯಿತು. ಪಾರ್ಕಿನ ಒಂದು ಮೂಲೆ ಸಾಕು. ಒಂದು ವರ್ಷ ಇದನ್ನು ನಡೆಸಿದರೆ ಯಾರು ಮಳೆಯಲ್ಲೂ ಬರುತ್ತಾರೆ, ಯಾರು ಬರೀ ಗ್ರೂಪ್‌ನಲ್ಲಿ ಹೆಬ್ಬೆಟ್ಟು ತೋರಿಸುತ್ತಾರೆ ಅಂತ ಗೊತ್ತಾಗುತ್ತದೆ. ಆ ಮಳೆಯವರೇ ನಿಮ್ಮ ಕಮಿಟಿ. ಕನಿಷ್ಠ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಬೇಕು. ಮಕ್ಕಳು ಆಡುವುದಾದರೆ ಅವರ ಸುರಕ್ಷತೆಗೆ ಹೊಣೆಯಾದ ಒಬ್ಬರು ಬೇಕೇ ಬೇಕು. ಮಕ್ಕಳ ಜೊತೆ ನಿಯಮಿತವಾಗಿ ಕೆಲಸ ಮಾಡುವವರಿಗೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಡಿಬಿಎಸ್ ಎಂಬ ಹಿನ್ನೆಲೆ ಪರಿಶೀಲನೆ, ಸ್ಕಾಟ್‌ಲೆಂಡ್‌ನಲ್ಲಿ ಪಿವಿಜಿ. ಇದು ಮುಗಿಯದೆ ಒಬ್ಬ ಹುಡುಗನಿಗೂ ಚೆಂಡು ಕೊಡಬೇಡಿ.

ಬ್ಯಾಂಕ್ ಖಾತೆ ಕ್ಲಬ್ಬಿನ ಹೆಸರಲ್ಲೇ ಇರಲಿ, ದುಡ್ಡು ತೆಗೆಯಲು ಇಬ್ಬರ ಒಪ್ಪಿಗೆ ಬೇಕಾಗಲಿ. ಗೆಳೆತನ ಮುರಿಯುವುದು ಸೋಲಿನಿಂದಲ್ಲ, ಲೆಕ್ಕದಿಂದ. ಕ್ಲಬ್ ಸ್ವಲ್ಪ ಬೆಳೆದ ಮೇಲೆ ತೆರಿಗೆ ಇಲಾಖೆಯಲ್ಲಿ ಸಮುದಾಯ ಹವ್ಯಾಸಿ ಕ್ರೀಡಾ ಕ್ಲಬ್ ಅಂತ ನೋಂದಾಯಿಸಿಕೊಳ್ಳಲು ಆಗುತ್ತದೆಯಾ ನೋಡಿ, ಕೆಲವು ತೆರಿಗೆ ರಿಯಾಯಿತಿಗಳು ಸಿಗುತ್ತವೆ. ಸ್ಪೋರ್ಟ್ ಇಂಗ್ಲೆಂಡ್ ಲಾಟರಿ ದುಡ್ಡಿನಿಂದ ಸಣ್ಣ ಕ್ಲಬ್‌ಗಳಿಗೆ ಅನುದಾನ ಕೊಡುತ್ತದೆ. ಅರ್ಜಿಯಲ್ಲಿ "ನಾವು ಚಾಂಪಿಯನ್ ಆಗುತ್ತೇವೆ" ಅಂತ ಬರೆಯಬೇಡಿ. ಇಲ್ಲಿಯವರೆಗೆ ಯಾವ ಆಟವನ್ನೂ ಆಡದ ಎಷ್ಟು ಜನ, ಎಷ್ಟು ಹೆಂಗಸರು, ಎಷ್ಟು ಮಕ್ಕಳು ಮೈದಾನಕ್ಕೆ ಬರುತ್ತಾರೆ ಅಂತ ಬರೆಯಿರಿ. ದುಡ್ಡು ಕೊಡುವವರು ನೋಡುವುದು ಅದನ್ನು.

ಮೈದಾನಕ್ಕೆ ರಗ್ಬಿ ಕ್ಲಬ್ಬಿನ ಬಾಗಿಲು ತಟ್ಟಿ. ಇದಕ್ಕೆ ಕಾರಣ ಇದೆ. ಅಮೆರಿಕನ್ ಫುಟ್‌ಬಾಲ್ ಮೈದಾನ ಎಂಡ್‌ಝೋನ್ ಸೇರಿ 120 ಗಜ ಉದ್ದ, 53 ಗಜಕ್ಕೆ ಸ್ವಲ್ಪ ಜಾಸ್ತಿ ಅಗಲ. ಪೂರ್ಣ ಅಳತೆಯ ರಗ್ಬಿ ಮೈದಾನದೊಳಗೆ ಇದು ಕೂರುತ್ತದೆ. ರಗ್ಬಿಯ ಗೋಲ್ ಕಂಬಗಳ ನಡುವಿನ ಅಂತರ 5.6 ಮೀಟರ್, ಅಡ್ಡಪಟ್ಟಿ 3 ಮೀಟರ್ ಎತ್ತರ. ಅಮೆರಿಕದ ಕಾಲೇಜು ಅಳತೆ ಹೆಚ್ಚು ಕಡಿಮೆ ಅಷ್ಟೇ. ಅಮೆರಿಕನ್ ಆಟದಲ್ಲಿ ಕಂಬ ಎಂಡ್‌ಝೋನ್‌ನ ಹಿಂಬದಿಯಲ್ಲಿ ಇರಬೇಕು, ರಗ್ಬಿಯಲ್ಲಿ ಟ್ರೈ ಗೆರೆಯ ಮೇಲೇ ಇರುತ್ತದೆ, ಹಾಗಾಗಿ ಗೆರೆ ಹಾಕುವ ಮೊದಲು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಅಂತ ಕೂತು ಲೆಕ್ಕ ಹಾಕಿ. ಕ್ಲಬ್ ಲೀಗ್ ಬೇಸಿಗೆಯಲ್ಲಿ ನಡೆಯುತ್ತದೆ, ಆಗ ರಗ್ಬಿಯವರಿಗೆ ರಜೆ. ಅವರ ಬಾರ್‌ಗೆ ವ್ಯಾಪಾರ ಬೇಕು, ನಿಮಗೆ ಮೈದಾನ ಬೇಕು. ಮಾತುಕತೆ ಅಲ್ಲಿಂದ ಶುರು ಮಾಡಿ.

ಆಮೇಲೆ ಪಂದ್ಯದ ಖರ್ಚು. ಮೈದಾನದ ಬಾಡಿಗೆ, ರೆಫರಿಗಳ ಶುಲ್ಕ ಮತ್ತು ಪ್ರಯಾಣ, ವೈದ್ಯಕೀಯ ಸಿಬ್ಬಂದಿ, ಹೊರಗಿನ ಪಂದ್ಯಕ್ಕೆ ಬಸ್. ಕೊನೆಯದೇ ದೊಡ್ಡ ಪೆಟ್ಟು. ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು, ನಿಜವಾಗಿ ಸಬ್ಸ್ ಕಟ್ಟುವವರ ಸಂಖ್ಯೆಯಿಂದ ಭಾಗಿಸಿ. ಬರುತ್ತೇನೆ ಅಂದವರ ಸಂಖ್ಯೆಯಿಂದ ಅಲ್ಲ.

ಪ್ಯಾಡ್ ಹಾಕಿ ಆಡುವ ತಂಡವನ್ನು ಬಾಫಾ ನೇರವಾಗಿ ಲೀಗ್‌ಗೆ ಬಿಟ್ಟುಕೊಳ್ಳುವುದಿಲ್ಲ. ಮೊದಲು ಅಸೋಸಿಯೇಟ್ ಅಂತ ಇದ್ದು ಕೆಲವು ಪಂದ್ಯ ಆಡಿ, ನಿಮಗೆ ಸಾಕಷ್ಟು ಜನ, ಕೋಚ್, ವ್ಯವಸ್ಥೆ ಇದೆ ಅಂತ ತೋರಿಸಬೇಕು. ಕೆಲವರಿಗೆ ಇದು ಕಿರಿಕಿರಿ ಅನ್ನಿಸುತ್ತದೆ. ಎಂಬತ್ತರ ದಶಕದಲ್ಲಿ ಇಂಥ ಜರಡಿ ಇದ್ದಿದ್ದರೆ ಇನ್ನಷ್ಟು ತಂಡ ಉಳಿಯುತ್ತಿದ್ದವು ಅಂತ ನನಗನ್ನಿಸುತ್ತದೆ.

ಹೆಜ್ಜೆ 10: ಹೆಂಗಸರಿಗೆ, ಮಕ್ಕಳಿಗೆ ಜಾಗ ಮಾಡಿ

ಗಂಡಸರ ತಂಡ ಗಟ್ಟಿಯಾದ ಮೇಲೆ ನೋಡೋಣ ಅನ್ನುವ ಕ್ಲಬ್‌ಗಳು ಅಲ್ಲೇ ನಿಲ್ಲುತ್ತವೆ. ಬ್ರಿಟನ್‌ನಲ್ಲಿ ಹೆಂಗಸರು ಪ್ಯಾಡ್ ಹಾಕಿ ಆಡುವ ಲೀಗ್ ಇದೆ. ಗ್ರೇಟ್ ಬ್ರಿಟನ್‌ನ ಫ್ಲ್ಯಾಗ್ ತಂಡಕ್ಕೆ ಆಡಿದ ಫೀಬಿ ಷೆಕ್ಟರ್ ಅಮೆರಿಕದ ಬಫಲೋ ಬಿಲ್ಸ್ ತಂಡದಲ್ಲಿ ಕೋಚಿಂಗ್ ಮಾಡಿ ಬಂದವರು. ಒಲಿಂಪಿಕ್ಸ್ ದಾರಿ ತೆರೆದ ಮೇಲೆ ಹುಡುಗಿಯರ ಆಸಕ್ತಿ ಹೆಚ್ಚುವುದು ಸಹಜ. ಪ್ರಾಕ್ಟೀಸ್ ಜಾಹೀರಾತಿನ ಫೋಟೊದಲ್ಲಿ ಅವರೂ ಇರಲಿ. ಬಟ್ಟೆ ಬದಲಿಸಲು ಬೇರೆ ಕೋಣೆ ಇದೆಯಾ ಅಂತ ಮೊದಲೇ ನೋಡಿ.

ಶಾಲೆಗಳಲ್ಲಿ ವ್ಯಾಯಾಮ ಕಲಿಸುವ ಪಿಇ ಟೀಚರ್ ಜೊತೆ ಮಾತಾಡಿ, ನಾಲ್ಕೈದು ವಾರ ಫ್ಲ್ಯಾಗ್ ಹೇಳಿಕೊಡಿ. ಎನ್‌ಎಫ್‌ಎಲ್ ಫ್ಲ್ಯಾಗ್, ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ತಂಡದ ಜ್ಯಾಗ್‌ಟ್ಯಾಗ್ ತರಹದ ಶಾಲಾ ಕಾರ್ಯಕ್ರಮಗಳು ಈಗಾಗಲೇ ಇವೆ. ಅವು ಮುಗಿದ ಮೇಲೆ ಮಗು ಎಲ್ಲಿ ಆಡಬೇಕು ಎನ್ನುವ ಪ್ರಶ್ನೆಗೆ ಉತ್ತರ ನಿಮ್ಮ ಕ್ಲಬ್ ಆಗಬೇಕು. ಕೊನೆಯ ದಿನ ಪ್ರತಿ ಮಗುವಿನ ಕೈಗೆ ಪ್ರಾಕ್ಟೀಸ್ ದಿನ, ಸಮಯ, ಜಾಗ ಇರುವ ಒಂದು ಚೀಟಿ ಕೊಡಿ.

ನಮ್ಮ ಮಗ ತುಂಬ ಚೆನ್ನಾಗಿ ಆಡುತ್ತಾನೆ, ಮುಂದೇನು ಅಂತ ಕೇಳುವವರಿಗೆ: 2019ರಲ್ಲಿ ಲಂಡನ್‌ನಲ್ಲಿ ಶುರುವಾಗಿ ಈಗ ಲಫ್‌ಬರೋದಲ್ಲಿ ಇರುವ ಎನ್‌ಎಫ್‌ಎಲ್ ಅಕಾಡೆಮಿ ಓದಿನ ಜೊತೆ ಆಟ ಕಲಿಸುತ್ತದೆ. 2017ರಿಂದ ಹೊರದೇಶದ ಆಟಗಾರರಿಗೆ ಎನ್‌ಎಫ್‌ಎಲ್‌ನದೇ ಒಂದು ದಾರಿ ಇದೆ. ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ ಎಫೆ ಒಬಾಡಾ ಲಂಡನ್ ವಾರಿಯರ್ಸ್‌ಗೆ ಬರೀ ಐದು ಪಂದ್ಯ ಆಡಿ 2015ರಲ್ಲಿ ಡಲ್ಲಾಸ್ ಕೌಬಾಯ್ಸ್ ಸೇರಿದ್ದ, ಮುಂದೆ ಕ್ಯಾರೊಲೈನಾ ಪ್ಯಾಂಥರ್ಸ್‌ಗೆ ಆಡಿದ. ಈ ಕಥೆಯನ್ನು ಹುಡುಗರಿಗೆ ಹೇಳಿ, ಆದರೆ ಶಾಲೆಯ ಕೊನೆಯ ಪರೀಕ್ಷೆಯಾದ ಎ ಲೆವೆಲ್‌ನ ಪುಸ್ತಕ ಮುಚ್ಚಿಸಬೇಡಿ. ಒಬಾಡಾ ಅಂಥವರು ಬೆರಳೆಣಿಕೆ.

ಹೆಜ್ಜೆ 11: ಕೈ ಬದಲಾಯಿಸುವ ದಿನ

ಯೂನಿವರ್ಸಿಟಿ ತಂಡಗಳ ದೊಡ್ಡ ಶತ್ರು ಪದವಿ ಪ್ರದಾನ. ಕಮಿಟಿ ಪ್ರತಿ ವರ್ಷ ಬದಲಾಗುತ್ತದೆ. ಅಧ್ಯಕ್ಷೆ ಊರಿಗೆ ಹೋದ ಮೇಲೆ ಸಾಮಾನಿನ ಕೋಣೆಯ ಬೀಗದ ಕೈ ಯಾರ ಹತ್ತಿರ ಅಂತ ಸೆಪ್ಟೆಂಬರ್‌ನಲ್ಲಿ ಹುಡುಕಾಟ ನಡೆಯುತ್ತದೆ. ಈಸ್ಟರ್ ಹೊತ್ತಿಗೇ ಹೊಸ ಕಮಿಟಿ ಆರಿಸಿ, ಹಳಬರ ಜೊತೆ ಒಂದೆರಡು ತಿಂಗಳು ಕೆಲಸ ಮಾಡಲಿ. ಒಂದು ಕಡತದಲ್ಲಿ ಇವು ಇರಲಿ: ಯಾವ ಹೆಲ್ಮೆಟ್ ಯಾವ ವರ್ಷದ್ದು, ಮೈದಾನದವರ ಫೋನ್ ನಂಬರ್, ಬಸ್ ಕಂಪನಿ ಹೋದ ವರ್ಷ ಹೇಳಿದ ರೇಟು, ಯಾವ ಬಿಲ್ ಇನ್ನೂ ಕಟ್ಟಿಲ್ಲ, ಫ್ರೆಷರ್ಸ್ ಮೇಳಕ್ಕೆ ಟೇಬಲ್ ಯಾವ ತಾರೀಖಿನೊಳಗೆ ಬುಕ್ ಮಾಡಬೇಕು. ಕ್ಲಬ್ ಇಮೇಲ್‌ನ ಪಾಸ್‌ವರ್ಡ್ ಹೊಸ ಕಾರ್ಯದರ್ಶಿಗೆ ಎದುರಿಗೇ ಕೊಡಿ, ಅಲ್ಲೇ ಬದಲಾಯಿಸಲಿ. ಅದನ್ನು ಮಾತ್ರ ತಂಡದ ವಾಟ್ಸಾಪ್ ಗ್ರೂಪ್‌ಗೆ ಹಾಕಬೇಡಿ.